ಫೈಲು ಫೈಲೂ ಸರಿ, ಬಾವಿ ಮಾತ್ರ ಖಾಲಿ

ಕಳೆದ ಭಾನುವಾರ ಡೊಂಬಿವಲಿಯ ಅಕ್ಕನ ಮನೆಗೆ ಹೋಗಿದ್ದೆ. ಊಟ ಮುಗಿಸಿ ಫ್ಯಾನಿನ ಕೆಳಗೆ ಕುಳಿತಿದ್ದಾಗ ಅಕ್ಕನ ಮಗ ನುಣುಪು ಕಾಗದದ ಪುಸ್ತಿಕೆಯೊಂದನ್ನು ತಂದು ಕೈಗಿಟ್ಟ.

"ಮಾವ, ಈ ಕೋರ್ಸಿಗೆ ಎಜುಕೇಶನ್ ಲೋನ್ ಸಿಗ್ತದಾ?"

ಬ್ಯಾಂಕಿನವನು ಮನೆಗೆ ಬಂದರೆ ಜನ ಕೇಳುವುದು ಎರಡೇ ಪ್ರಶ್ನೆ. ಎಫ್.ಡಿ. ಬಡ್ಡಿ ಎಷ್ಟು, ಲೋನ್ ಸಿಗುತ್ತದಾ. ಹಾಗಾಗಿ ಬೇಸರ ಮಾಡಿಕೊಳ್ಳದೆ ಪುಸ್ತಿಕೆ ಬಿಡಿಸಿದೆ. ಮುಖಪುಟದಲ್ಲಿ ಗಾಳಿಯಂತ್ರ, ಸೋಲಾರ್ ಫಲಕ, ಸಸಿ ಹಿಡಿದ ಎರಡು ಬೆಳ್ಳಗಿನ ಕೈ. ಒಳಗೆ ಒಂದು ಖಾಸಗಿ ವಿಶ್ವವಿದ್ಯಾಲಯದ ಎರಡು ವರ್ಷದ ಸ್ನಾತಕೋತ್ತರ ಪದವಿಯ ವಿವರ. ವಿಷಯ: ಇಂಟರ್‌ಡಿಸಿಪ್ಲಿನರಿ ಸಸ್ಟೈನಬಿಲಿಟಿ. ಹವಾಮಾನ ವಿಜ್ಞಾನ ಒಂದಿಷ್ಟು, ಕಾನೂನು ಒಂದಿಷ್ಟು, ಪಾಲಿಸಿ ಒಂದಿಷ್ಟು, ಕಾರ್ಪೊರೇಟ್ ವರದಿ ಬರೆಯುವುದು ಬಹಳಷ್ಟು, ಕೊನೆಗೆ 'ಲೀಡರ್‌ಶಿಪ್'. ಫೀಸು ನೋಡಿದೆ. ನನ್ನ ಮೊದಲ ಒಂದು ಕೋಣೆಯ ಫ್ಲ್ಯಾಟಿಗೆ ನಾನು ಕೊಟ್ಟದ್ದಕ್ಕಿಂತ ಜಾಸ್ತಿ.

ಸಸ್ಟೈನಬಿಲಿಟಿಗೆ ಕನ್ನಡದಲ್ಲಿ ಸುಸ್ಥಿರತೆ ಅನ್ನುತ್ತೇವೆ. ಇಂಟರ್‌ಡಿಸಿಪ್ಲಿನರಿಗೆ ಅಂತರಶಿಸ್ತೀಯ ಅಂತ ಬರೆಯುತ್ತಾರೆ. (ಶಿಸ್ತು ಎಂದ ಕೂಡಲೇ ನನಗೆ ಪಿ.ಟಿ. ಮಾಸ್ತರರ ಬೆತ್ತ ನೆನಪಾಗುತ್ತದೆ, ಅದು ನನ್ನ ತಪ್ಪಲ್ಲ.) ಪದ ಏನೇ ಇರಲಿ, ವಿಷಯ ಹೊಸತಲ್ಲ. ನಮ್ಮ ಕರಾವಳಿಯ ಮನೆಗಳಲ್ಲಿ ಬಿತ್ತನೆಯ ಭತ್ತವನ್ನು ಹುಲ್ಲಿನ ಮುಡಿ ಕಟ್ಟಿ ಬೇರೆಯೇ ಇಡುತ್ತಿದ್ದರು. ಆಟಿ ತಿಂಗಳಲ್ಲಿ ಎಷ್ಟೇ ಹಸಿವಾದರೂ ಆ ಮುಡಿ ಬಿಚ್ಚಿ ಗಂಜಿ ಬೇಯಿಸುವಂತಿರಲಿಲ್ಲ. ಬಂಡವಾಳ ತಿನ್ನಬೇಡ, ಆದಾಯ ತಿನ್ನು. ಇಷ್ಟೇ ತಾನೇ? ಬಿ.ಕಾಂ. ಮೊದಲ ವರ್ಷದಲ್ಲಿ ನಾವೂ ಕಲಿತದ್ದು ಇದನ್ನೇ.

ಹಾಗಿದ್ದರೆ ನಿನಗೆ ಯಾಕಪ್ಪಾ ಸಿಟ್ಟು ಎಂದು ನೀವು ಕೇಳಬಹುದು. ಅದಕ್ಕೆ ಒಂದು ಹಳೆಯ ಕತೆ ಹೇಳಬೇಕು.

1999ರಲ್ಲಿ ನನ್ನನ್ನು ಮಹಾರಾಷ್ಟ್ರದ ಒಳನಾಡಿನ ಒಂದು ಗ್ರಾಮೀಣ ಶಾಖೆಗೆ ಹಾಕಿದ್ದರು. ಮಳೆ ಕಡಿಮೆ, ಕಪ್ಪು ನೆಲ, ಕೆಳಗೆ ಬಂಡೆ. ಆ ವರ್ಷಗಳಲ್ಲಿ ಅಲ್ಲಿ ದಾಳಿಂಬೆಯ ಹುಚ್ಚು. ಬಾವಿ ತೋಡಲು, ಬೋರ್ ಕೊರೆಸಲು, ಪಂಪು ಕೂರಿಸಲು ಸಾಲದ ಅರ್ಜಿಗಳು ಬಂದವು. ನಾನು ಒಂದೊಂದು ಅರ್ಜಿಯನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿದವನು. ಸಾತ್-ಬಾರಾ ಉತಾರಾ ಸರಿ ಇದೆಯಾ, ಪಂಪಿನ ಕೊಟೇಶನ್ ಇದೆಯಾ, ಮಾರ್ಜಿನ್ ಹಣ ಕಟ್ಟಿದ್ದಾನಾ, ಅಡವು ನೋಂದಣಿ ಆಗಿದೆಯಾ. ತೋಟದ ಆದಾಯದ ಲೆಕ್ಕ ಹಾಕಿ ಕಂತು ಕಟ್ಟುವ ಶಕ್ತಿ ಇದೆ ಎಂದು ಖಾತ್ರಿ ಮಾಡಿಕೊಂಡೇ ಸಹಿ ಹಾಕಿದ್ದೆ. ಆಡಿಟ್ ಬಂದಾಗ ಒಂದೇ ಒಂದು ಫೈಲಿನಲ್ಲೂ ತಪ್ಪು ಸಿಗಲಿಲ್ಲ. ರೀಜನಲ್ ಆಫೀಸಿನಿಂದ ಶಹಬ್ಬಾಸ್ ಕೂಡ ಬಂತು.

ಒಂದೇ ಊರಿನಲ್ಲಿ ಮೂವತ್ತಕ್ಕೂ ಹೆಚ್ಚು ಫೈಲು. ಎರಡು ವರ್ಷ ಮಳೆ ಕೈಕೊಟ್ಟಿತು. ಬಾವಿಗಳು ಒಂದರ ಹಿಂದೆ ಒಂದು ಒಣಗಿದವು. ಗಿಡ ಒಣಗಿತು, ಕಂತು ನಿಂತಿತು, ಖಾತೆಗಳೆಲ್ಲ ಎನ್.ಪಿ.ಎ. ಆದವು. ವಸೂಲಿಗೆ ಜೀಪಿನಲ್ಲಿ ಹೋದಾಗ ಒಬ್ಬ ವಯಸ್ಸಾದ ರೈತ, ಬೈಯಲೂ ಇಲ್ಲ, ಅಳಲೂ ಇಲ್ಲ, ಮರಾಠಿಯಲ್ಲಿ ಒಂದೇ ಮಾತು ಕೇಳಿದ. "ಸಾಹೇಬ್, ನನ್ನ ಬಾವಿಗೆ ಸಾಲ ಕೊಟ್ಟವರೂ ನೀವೇ, ಪಕ್ಕದವನ ಬಾವಿಗೆ ಕೊಟ್ಟವರೂ ನೀವೇ. ಕೆಳಗೆ ನೀರು ಒಂದೇ ಅಂತ ನಿಮಗೆ ಗೊತ್ತಿರಲಿಲ್ವಾ?"

ಗೊತ್ತಿರಲಿಲ್ಲ. ಇದು ನಾಚಿಕೆಯ ಮಾತು, ಆದರೆ ನಿಜ. ಕೆಳಗಿನ ಬಂಡೆಯ ಬಿರುಕು ಒಂದೇ, ನೀರು ಒಂದೇ ಎಂಬುದು ಭೂಜಲ ಇಲಾಖೆಯವನಿಗೆ ಗೊತ್ತಿತ್ತು, ಅವನಿಗೆ ನನ್ನ ಸಾಲದ ಪಟ್ಟಿ ಗೊತ್ತಿರಲಿಲ್ಲ. ದಾಳಿಂಬೆಗೆ ಎಷ್ಟು ನೀರು ಬೇಕೆಂದು ಕೃಷಿ ಅಧಿಕಾರಿಗೆ ಗೊತ್ತಿತ್ತು, ಊರಿನ ಒಟ್ಟು ನೀರೆಷ್ಟು ಎಂದು ಗೊತ್ತಿರಲಿಲ್ಲ. ಪಂಪಿನ ಅಶ್ವಶಕ್ತಿ ಇಂಜಿನಿಯರನಿಗೆ ಗೊತ್ತಿತ್ತು. ನನಗೆ ದುಡ್ಡಿನ ಲೆಕ್ಕ ಗೊತ್ತಿತ್ತು. ನಾಲ್ಕು ಪದವೀಧರರು, ನಾಲ್ಕು ಕಚೇರಿ, ನಾಲ್ಕೂ ಫೈಲು ಸರಿ, ಬಾವಿ ಮಾತ್ರ ಖಾಲಿ! ಪಂಪಿಗೆ ವರ್ಷಾವರ್ಷ ಸವಕಳಿ ಬರೆಯಲು ನನಗೆ ಕಾಲೇಜು ಕಲಿಸಿತ್ತು. ಪಂಪು ಎತ್ತುವ ನೀರಿಗೆ ಸವಕಳಿ ಬರೆಯುವ ಕಾಲಮ್ಮೇ ಇರಲಿಲ್ಲ. ಮುಡಿ ಬಿಚ್ಚಿ ಗಂಜಿ ಮಾಡಿ, ಅದನ್ನು ಆದಾಯ ಎಂದು ನಾನೇ ಬರೆದಿದ್ದೆ.

ಆದ್ದರಿಂದ ಬೇರೆ ಬೇರೆ ವಿಷಯದವರು ಒಂದು ಮೇಜಿಗೆ ಬರಬೇಕು ಎಂಬ ಮಾತಿಗೆ ನನ್ನಷ್ಟು ಒಪ್ಪಿಗೆ ಇರುವವರು ಕಡಿಮೆ. ನನ್ನ ಜಗಳ ಆ ಮಾತಿನ ಜೊತೆಗಲ್ಲ. ಆ ಮಾತನ್ನು ನಮ್ಮ ವಿಶ್ವವಿದ್ಯಾಲಯಗಳು ಏನು ಮಾಡಿಟ್ಟಿವೆ ಎಂಬುದರ ಜೊತೆಗೆ.

ಸ್ವಲ್ಪ ಇತಿಹಾಸ ನೋಡಿ. ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 1991ರಲ್ಲೇ ಹೇಳಿತ್ತು, ಪರಿಸರವನ್ನು ಕಡ್ಡಾಯವಾಗಿ ಕಲಿಸಿ ಎಂದು. ಯಾರೂ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. 2003ರಲ್ಲಿ ಕೋರ್ಟು ಮತ್ತೆ ಗದರಿದ ಮೇಲೆ ಯುಜಿಸಿ ಎಲ್ಲ ಪದವಿ ತರಗತಿಗಳಿಗೂ ಆರು ತಿಂಗಳ ಪಠ್ಯ ಮಾಡಿತು. ಅದಕ್ಕೆ ಪುಸ್ತಕ ಬರೆದ ಪುಣೆಯ ಎರಕ್ ಭರೂಚಾ ಮೂಲತಃ ಶಸ್ತ್ರವೈದ್ಯರು. ಅಂದರೆ ಪುಸ್ತಕ ಬರೆದವರೇ ತಮ್ಮ ವಿಷಯದ ಗಡಿ ದಾಟಿ ಬಂದವರು. ಪಠ್ಯದಲ್ಲಿ ಒಟ್ಟು ಐವತ್ತು ಪಾಠ. ಅದರಲ್ಲಿ ಹೊರಗೆ ಹೋಗಿ ಕಣ್ಣಾರೆ ನೋಡಿ ಬರೆಯುವುದಕ್ಕೆ ಇಟ್ಟದ್ದು ಐದು ಪಾಠದಷ್ಟು ಹೊತ್ತು. ಐವತ್ತರಲ್ಲಿ ಐದು!

ಆ ಐದೂ ಏನಾಯಿತು ಎಂದು ನನ್ನ ಮನೆಯಲ್ಲೇ ನೋಡಿದೆ. ಮಗಳು ಬಿ.ಕಾಂ. ಓದುವಾಗ ಪರಿಸರದ ಪ್ರಾಜೆಕ್ಟ್ ಬಂತು. ಕಾಲೇಜಿನ ಎದುರಿನ ಸ್ಟೇಶನರಿ ಅಂಗಡಿಯಲ್ಲಿ ಸಿದ್ಧ ಪ್ರಾಜೆಕ್ಟು ಸಿಗುತ್ತಿತ್ತು, ಸ್ಪೈರಲ್ ಬೈಂಡಿಂಗ್ ಸಮೇತ. ಮೊದಲ ಪುಟ ಬದಲಿಸಿ ಹೆಸರು ಹಾಕಿದರೆ ಮುಗಿಯಿತು. ವಿಷಯ ನೀರಿನ ಮಾಲಿನ್ಯ. ಅವಳ ಕಾಲೇಜಿನ ಗೋಡೆಗೆ ತಾಗಿಕೊಂಡೇ ನಾಲೆ ಹರಿಯುತ್ತದೆ, ಆದರೆ ಪ್ರಾಜೆಕ್ಟಿನಲ್ಲಿ ಇದ್ದದ್ದು ಗಂಗಾ ನದಿಯ ಚಿತ್ರ. ಪೂರ್ತಿ ಅಂಕ ಬಂತು. "ಸುಸ್ಥಿರ ಅಭಿವೃದ್ಧಿ ಎಂದರೇನು?" ಎಂಬ ಪ್ರಶ್ನೆಗೆ 1987ರ ಬ್ರುಂಟ್‌ಲಾಂಡ್ ಆಯೋಗದ ವ್ಯಾಖ್ಯೆಯನ್ನು ಅವಳು ಇವತ್ತೂ ಬಾಯಿಪಾಠ ಹೇಳುತ್ತಾಳೆ. ಅದೇ ವರ್ಷ ಅವಳ ಅಕೌಂಟೆನ್ಸಿ ಪುಸ್ತಕದಲ್ಲಿ ನೀರು, ಗಾಳಿ, ಮಣ್ಣಿನ ಒಂದು ಸಾಲೂ ಇರಲಿಲ್ಲ. ನನ್ನ ಕಾಲದಲ್ಲಿ ಇದ್ದ ಅದೇ ಪಂಪು, ಅದೇ ಸವಕಳಿ.

ಇದೇ ನನ್ನ ಮುಖ್ಯ ತಕರಾರು. ಒಂದು ಬೇರೆ ಪೇಪರು, ಒಂದು ಬೇರೆ ಸೆಂಟರು, ಒಂದು ಬೇರೆ ಪದವಿ ಮಾಡಿದರೆ ಉಳಿದ ಪದವಿಗಳಿಗೆಲ್ಲ ರಜೆ ಕೊಟ್ಟ ಹಾಗೆ. "ಅದನ್ನು ಆ ಡಿಪಾರ್ಟ್‌ಮೆಂಟಿನವರು ನೋಡಿಕೊಳ್ಳುತ್ತಾರೆ" ಎಂದು ಕಾಮರ್ಸಿನವನು, ಸಿವಿಲ್ ಇಂಜಿನಿಯರು, ಅರ್ಥಶಾಸ್ತ್ರದವನು ಎಲ್ಲರೂ ಕೈ ತೊಳೆದುಕೊಳ್ಳಬಹುದು. ಗೋಡೆ ಒಡೆಯುತ್ತೇವೆ ಎಂದು ಹೊರಟವರು ಇನ್ನೊಂದು ಕೋಣೆ ಕಟ್ಟಿ, ಬಾಗಿಲಿಗೆ ಹಸಿರು ಬಣ್ಣ ಹೊಡೆದು ಕುಳಿತಿದ್ದಾರೆ.

ಇನ್ನು ಇಂಥ ಕೋರ್ಸುಗಳು ಈಗ ಅಣಬೆಯ ಹಾಗೆ ಏಳುತ್ತಿರುವುದಕ್ಕೆ ಕಾರಣವೂ ಗೊತ್ತಿರಲಿ. 2022-23ರಿಂದ ಸೆಬಿಯು ಷೇರುಪೇಟೆಯ ದೊಡ್ಡ ಸಾವಿರ ಕಂಪನಿಗಳಿಗೆ ಸುಸ್ಥಿರತೆಯ ವರದಿಯನ್ನು ಕಡ್ಡಾಯ ಮಾಡಿತು. 2023ರ ಜೂನ್ 1ರಿಂದ ರಿಸರ್ವ್ ಬ್ಯಾಂಕಿನ ಹಸಿರು ಠೇವಣಿ ನಿಯಮ ಬಂತು. ಒಳ್ಳೆಯದೇ. ಆದರೆ ವರದಿಯ ಖಾನೆ ತುಂಬಲು ಹುಡುಗರು ಬೇಕು, ಆ ಹುಡುಗರನ್ನು ತಯಾರು ಮಾಡಲು ಕೋರ್ಸು ಬೇಕು. ಖಾನೆ ತುಂಬುವುದರಲ್ಲಿ ನಾನೂ ಪಳಗಿದವನೇ. ಮೂವತ್ತು ಫೈಲಿನ ಎಲ್ಲ ಖಾನೆ ತುಂಬಿ ಒಂದು ಊರಿನ ನೀರು ಖಾಲಿ ಮಾಡಿದವನು ಹೇಳುತ್ತಿದ್ದೇನೆ, ಖಾನೆ ತುಂಬುವುದು ವಿದ್ಯೆಯಲ್ಲ.

ಹಾಗಾದರೆ ವಿದ್ಯೆ ಯಾವುದು? ಗೊಣಗಿದರೆ ಸಾಲದು, ತೋರಿಸಬೇಕು. ತೋರಿಸಲು ದೂರ ಹೋಗಬೇಕಾಗಿಲ್ಲ. ನಮ್ಮ ಕರ್ನಾಟಕದಲ್ಲೇ, ಕುಣಿಗಲ್ ತಾಲ್ಲೂಕಿನಲ್ಲೇ ಇದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ನಮ್ಮ ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್) ಅಮೂಲ್ಯ ರೆಡ್ಡಿ ಎಂಬ ಪ್ರಾಧ್ಯಾಪಕರಿದ್ದರು. ವಿದ್ಯುತ್ ರಸಾಯನಶಾಸ್ತ್ರದಲ್ಲಿ ದೊಡ್ಡ ಹೆಸರು, ಅವರು ಸಹಲೇಖಕರಾಗಿ ಬರೆದ ಪಠ್ಯಪುಸ್ತಕವನ್ನು ಜಗತ್ತೇ ಓದುತ್ತಿತ್ತು. ಅಂಥವರು 1974ರಲ್ಲಿ ಸಹೋದ್ಯೋಗಿಗಳನ್ನು ಸೇರಿಸಿಕೊಂಡು 'ಅಸ್ತ್ರ' ಎಂಬ ಘಟಕ ಶುರು ಮಾಡಿದರು, ಹಳ್ಳಿಗೆ ಬೇಕಾದ ವಿಜ್ಞಾನ ತಂತ್ರಜ್ಞಾನಕ್ಕಾಗಿ. ಕುಣಿಗಲ್ ತಾಲ್ಲೂಕಿನ ಉಂಗ್ರ ಎಂಬಲ್ಲಿ ಕೇಂದ್ರ ಮಾಡಿದರು. ಮೊದಲು ಮಾಡಿದ ಕೆಲಸ ಏನು ಗೊತ್ತೇ? ಲೆಕ್ಕ. ಮನೆ ಮನೆಗೆ ಹೋಗಿ ಈ ಊರಿಗೆ ಶಕ್ತಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಸೌದೆ ತರಲು ಯಾರು ಎಷ್ಟು ನಡೆಯುತ್ತಾರೆ ಎಂದು ಬರೆದುಕೊಂಡರು. ಹತ್ತಿರದ ಪುರ ಎಂಬ ಊರಿನ ಲೆಕ್ಕದಲ್ಲಿ ಹತ್ತು ಪಾಲಿನಲ್ಲಿ ಒಂಬತ್ತು ಪಾಲು ಶಕ್ತಿ ಸೌದೆಯದ್ದೇ. ವಿದ್ಯುತ್ತಿನ ಪಾಲು ಎಣಿಕೆಗೆ ಸಿಗದಷ್ಟು ಸಣ್ಣದು. ಸರಕಾರದ ಶಕ್ತಿ ಯೋಜನೆಗಳೆಲ್ಲ ವಿದ್ಯುತ್ತಿನದ್ದು, ಜನರ ಶಕ್ತಿಯೆಲ್ಲ ಸೌದೆಯದ್ದು. ಅದರಿಂದ ಹುಟ್ಟಿದ್ದೇ ಅಸ್ತ್ರ ಒಲೆ, ಮೂರು ಪಾತ್ರೆ ಒಟ್ಟಿಗೆ ಇಡಬಹುದಾದ, ಕಡಿಮೆ ಸೌದೆಯ, ಹೊಗೆ ಹೊರಗೆ ಹೋಗುವ ಒಲೆ. ನಿಮ್ಮಲ್ಲಿ ಹಲವರ ಊರಮನೆಯಲ್ಲೂ ಇದ್ದಿರಬಹುದು.

ಪುರದಲ್ಲಿ ಊರಿಗೆಲ್ಲ ಸೇರಿ ಒಂದು ಗೋಬರ್ ಗ್ಯಾಸ್ ಸ್ಥಾವರ ಮಾಡಿದರು. ಮೊದಲಿನ ಯೋಚನೆ ಅಡುಗೆಗೆ ಗ್ಯಾಸು. ಆಗಲಿಲ್ಲ. ಊರಿನ ದನಗಳ ಸಗಣಿ ಅಷ್ಟು ಒಲೆಗೆ ಸಾಲಲಿಲ್ಲ. ಈಗಿನವರಾಗಿದ್ದರೆ ಉದ್ಘಾಟನೆಯ ಫೋಟೋ ಹಾಕಿ ವರದಿ ಮುಗಿಸುತ್ತಿದ್ದರು. ಇವರು ಊರಿನವರನ್ನು ಕೇಳಿದರು, ನಿಮಗೆ ಮೊದಲು ಬೇಕಾದದ್ದು ಏನು? ಕುಡಿಯುವ ನೀರು. 1987ರಿಂದ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ, ಬೋರಿನಿಂದ ನೀರೆತ್ತಿ ನಲ್ಲಿಗೆ ಕೊಟ್ಟರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದವರದ್ದು ತೂಕ ಮಾಡಿ, ಅದಕ್ಕೆ ತಕ್ಕಷ್ಟು ಗೊಬ್ಬರ ವಾಪಸು. ಠೇವಣಿ ಇಡು, ಹಿಂದಕ್ಕೆ ತೆಗೆದುಕೋ! ಬ್ಯಾಂಕಿನವನಾದ ನನಗೆ ಇದನ್ನು ಓದಿದಾಗ ಆದ ಖುಷಿ ಅಷ್ಟಿಷ್ಟಲ್ಲ. ಸ್ಥಾವರ ವರ್ಷಗಟ್ಟಲೆ ನಡೆದು ಕೊನೆಗೆ ನಿಂತಿತು. ರೆಡ್ಡಿಯವರು ಮುಚ್ಚಿಡಲಿಲ್ಲ, ಆ ಅನುಭವದ ಪಾಠಗಳನ್ನು ಬರೆದು ಪ್ರಕಟಿಸಿದರು. ಅವರು 2006ರಲ್ಲಿ ತೀರಿಕೊಂಡರು.

ಇಲ್ಲಿ ಗಮನಿಸಿ. ರೆಡ್ಡಿಯವರು ರಸಾಯನಶಾಸ್ತ್ರವನ್ನು ಬಿಟ್ಟು 'ಅಂತರಶಿಸ್ತೀಯ' ಆಗಲಿಲ್ಲ. ಒಂದು ವಿಷಯವನ್ನು ಆಳವಾಗಿ ಬಲ್ಲವರು ಒಂದು ಊರಿಗೆ ಹೋದರು. ಸಿವಿಲ್ ಬಲ್ಲವರು, ಮೆಕ್ಯಾನಿಕಲ್ ಬಲ್ಲವರು ಅದೇ ಊರಿಗೆ ಬಂದರು. ಅವರನ್ನು ಒಟ್ಟು ಮಾಡಿದ್ದು ಪಠ್ಯಕ್ರಮ ಸಮಿತಿಯಲ್ಲ, ಸಾಲದೆ ಹೋದ ಸಗಣಿ.

"ನಾಲ್ಕು ವಿಷಯ ಬೆರೆಸಿದರೆ ಯಾವುದೂ ಬರುವುದಿಲ್ಲ" ಎಂದು ಹಳೆಯ ಪ್ರಾಧ್ಯಾಪಕರು ಹೇಳುತ್ತಾರಲ್ಲ, ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಪುಸ್ತಿಕೆಯ ಕೋರ್ಸು ಓದಿದವನಿಗೆ ಬಂಡೆಯೂ ಗೊತ್ತಿರುವುದಿಲ್ಲ, ಬ್ಯಾಲೆನ್ಸ್ ಶೀಟೂ ಗೊತ್ತಿರುವುದಿಲ್ಲ. ಆದರೆ ಅದಕ್ಕೆ ಪರಿಹಾರ ಅವರವರ ಕೋಣೆಯ ಬಾಗಿಲು ಹಾಕಿಕೊಳ್ಳುವುದಲ್ಲ. ನಾನು ಲೆಕ್ಕ ಚೆನ್ನಾಗಿಯೇ ಬಲ್ಲೆ, ಬಲ್ಲದ್ದರಿಂದಲೇ ಅಷ್ಟು ನಂಬಿಕೆಯಿಂದ ಮೂವತ್ತು ಸಹಿ ಹಾಕಿದೆ. ಆಳವೂ ಬೇಕು, ಪಕ್ಕದವನ ಬಾವಿಯ ಮೇಲೆ ಕಣ್ಣೂ ಬೇಕು.

ಮುಂಬಯಿಯಲ್ಲೂ ಇಂಥ ಕೆಲಸ ಇಲ್ಲವೆಂದಲ್ಲ. ಪೊವಾಯಿಯ ಐಐಟಿಯಲ್ಲಿ 1985ರಿಂದ 'ಸಿತಾರಾ' ಎಂಬ ಕೇಂದ್ರವಿದೆ, ಗ್ರಾಮೀಣ ಪ್ರದೇಶದ ತಂತ್ರಜ್ಞಾನಕ್ಕೆಂದು. ಅಲ್ಲಿನ ಮಿಲಿಂದ್ ಸೋಹೋನಿ ಕಂಪ್ಯೂಟರ್ ಸೈನ್ಸಿನವರು, ವಿದ್ಯಾರ್ಥಿಗಳ ಜೊತೆ ಕುಡಿಯುವ ನೀರಿನ ಯೋಜನೆಗಳ ಬೆನ್ನು ಹತ್ತಿದರು. ಮಹಾರಾಷ್ಟ್ರ ಸರಕಾರ 2018ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಶುರು ಮಾಡಿದ 'ಪೋಕ್ರಾ' ಎಂಬ ಕೃಷಿ ಯೋಜನೆಗೆ ಊರಿಗೊಂದು ನೀರಿನ ಲೆಕ್ಕ ಹಾಕುವ ವಿಧಾನ ಮಾಡಿಕೊಟ್ಟದ್ದು ಐಐಟಿಯವರೇ. ಬಿದ್ದ ಮಳೆ ಎಷ್ಟು, ಹರಿದು ಹೋದದ್ದೆಷ್ಟು, ಇಂಗಿದ್ದೆಷ್ಟು, ಬೆಳೆ ಕೇಳುವುದೆಷ್ಟು. ಜಮೆ, ಖರ್ಚು, ಬಾಕಿ. ನೋಡಿದಾಗ ನನಗನಿಸಿದ್ದು ಒಂದೇ, 1999ರಲ್ಲಿ ನನ್ನ ಮೇಜಿನ ಮೇಲೆ ಇರಬೇಕಾಗಿದ್ದ ಹಾಳೆ ಇದು.

ಆದರೆ ಇಂಥವು ಎಷ್ಟು? ಯಾಕೆ ಇಷ್ಟು ಕಡಿಮೆ? ಅಧ್ಯಾಪಕರು ಸೋಮಾರಿಗಳು ಎಂದು ಬೈದರೆ ನನ್ನ ತಪ್ಪಾಗುತ್ತದೆ. ನಿಯಮ ನೋಡಿ. ಯುಜಿಸಿಯ 2018ರ ನಿಯಮಾವಳಿಯಲ್ಲಿ ಒಬ್ಬನೇ ಬರೆದ ಸಂಶೋಧನಾ ಲೇಖನಕ್ಕೆ ಪೂರ್ತಿ ಅಂಕ. ಇಬ್ಬರು ಬರೆದರೆ ತಲಾ ಎಪ್ಪತ್ತು ಪಾಲು. ಇಬ್ಬರಿಗಿಂತ ಹೆಚ್ಚಾದರೆ ಮುಖ್ಯ ಲೇಖಕನಿಗೆ ಎಪ್ಪತ್ತು, ಉಳಿದವರಿಗೆ ಮೂವತ್ತು. ಒಂದು ಕಡೆ 2020ರ ಶಿಕ್ಷಣ ನೀತಿ ಎಲ್ಲರೂ ಕೂಡಿ ಕಲಿಯಿರಿ, ಕಲಿಸಿರಿ ಎನ್ನುತ್ತದೆ. ಇನ್ನೊಂದು ಕಡೆ ಕೂಡಿ ಬರೆದರೆ ಅಂಕ ಕಡಿತ! ಪ್ರಮೋಶನ್ ಯಾವುದಕ್ಕೆ ಸಿಗುತ್ತದೋ ಜನ ಅದನ್ನೇ ಮಾಡುತ್ತಾರೆ, ಬ್ಯಾಂಕಿನಲ್ಲೂ ಅಷ್ಟೇ, ಕಾಲೇಜಿನಲ್ಲೂ ಅಷ್ಟೇ. ಭೂವಿಜ್ಞಾನದವನು ಕಾಮರ್ಸಿನವನ ಜೊತೆ ಮೂರು ವರ್ಷ ಒಂದು ಊರು ಸುತ್ತಿ, ಜೊತೆಗೂಡಿ ಒಂದು ವರದಿ ಬರೆದು, ಮೂವತ್ತು ಪಾಲು ತೆಗೆದುಕೊಂಡು ಮನೆಗೆ ಹೋಗಬೇಕಾ?

ನಾನು ಕೇಳುವುದು ದೊಡ್ಡ ಬಜೆಟ್ಟಿನದ್ದಲ್ಲ.

ಒಂದು, ಸುಸ್ಥಿರತೆಯನ್ನು ಬೇರೆ ಪೇಪರಿನಿಂದ ತೆಗೆದು ಮುಖ್ಯ ಪೇಪರಿಗೆ ಹಾಕಿ. ಬಿ.ಕಾಂ. ಹುಡುಗ ಅಕೌಂಟೆನ್ಸಿಯಲ್ಲೇ ನೀರಿನ ಸವಕಳಿ ಬರೆಯಲಿ. ಸಿವಿಲ್ ಹುಡುಗ ಡ್ರಾಯಿಂಗಿನ ಜೊತೆಗೆ ಮನೆ ಬಿದ್ದ ಮೇಲೆ ಆ ಇಟ್ಟಿಗೆ ಎಲ್ಲಿಗೆ ಹೋಗುತ್ತದೆ ಎಂದೂ ಬರೆಯಲಿ.

ಎರಡು, ಐದು ಪಾಠದ ಹೊರಸಂಚಾರ ಸಾಕು ಮಾಡಿ. ಪ್ರತಿ ವಿಶ್ವವಿದ್ಯಾಲಯವೂ ಒಂದು ತಾಲ್ಲೂಕನ್ನೋ ಒಂದು ವಾರ್ಡನ್ನೋ ಹಿಡಿದುಕೊಳ್ಳಲಿ, ಹತ್ತು ವರ್ಷ ಬಿಡದೆ. ಮುಂಬಯಿಯವರಿಗೆ ಹುಡುಕಬೇಕಾಗಿಯೂ ಇಲ್ಲ, ಶಹಾಪುರ ತಾಲ್ಲೂಕಿದೆ. ಭಾತ್ಸಾ, ತಾನಸಾ ಅಣೆಕಟ್ಟು ಇರುವುದು ಅಲ್ಲೇ. ಈ ನಗರ ದಿನಕ್ಕೆ ಸುಮಾರು 3,800 ದಶಲಕ್ಷ ಲೀಟರ್ ನೀರು ಕುಡಿಯುತ್ತದೆ, ಅದರಲ್ಲಿ ಬಹುದೊಡ್ಡ ಪಾಲು ಆ ಕಡೆಯಿಂದ ಬರುತ್ತದೆ. ಅದೇ ತಾಲ್ಲೂಕಿನ ಆದಿವಾಸಿ ಪಾಡಾಗಳಿಗೆ ಬೇಸಿಗೆಯಲ್ಲಿ ಟ್ಯಾಂಕರಿನಲ್ಲಿ ನೀರು. ಕಸಾರಾ ಲೋಕಲ್ ಹಿಡಿದರೆ ಆಸನಗಾಂವ್, ಅಲ್ಲಿಂದ ರಿಕ್ಷಾ. ಇದಕ್ಕಿಂತ ದೊಡ್ಡ ಲ್ಯಾಬು ಯಾವುದಿದೆ?

ಮೂರು, ಕೂಡಿ ಮಾಡಿದ ಕೆಲಸಕ್ಕೆ ಪೂರ್ತಿ ಅಂಕ ಕೊಡಿ. ಸೋತ ಯೋಜನೆಯ ವರದಿಗೂ ಕೊಡಿ. ವರದಿಯ ಒಂದು ಪ್ರತಿ ಆ ಊರಿನ ಭಾಷೆಯಲ್ಲಿ ಪಂಚಾಯತಿಗೆ ತಲುಪದಿದ್ದರೆ ಮಾತ್ರ ಅಂಕ ಕಡಿಯಿರಿ.

"ಹೀಗೆಲ್ಲ ಓದಿದರೆ ಕೆಲಸ ಸಿಗುತ್ತದಾ?" ಎಂದು ಅಕ್ಕ ಅಡುಗೆಮನೆಯಿಂದಲೇ ಕೇಳಿದಳು. ಸರಿಯಾದ ಪ್ರಶ್ನೆ. ಸಾಲ ತೀರಿಸಬೇಕಾದವನು ಅವಳ ಮಗ. ನಾನು ಹೇಳಿದೆ, ಊರಿನ ನೀರಿನ ಲೆಕ್ಕವನ್ನೂ ದುಡ್ಡಿನ ಲೆಕ್ಕವನ್ನೂ ಒಟ್ಟಿಗೆ ಓದಬಲ್ಲ ಒಬ್ಬ ಹುಡುಗ 1999ರಲ್ಲಿ ನಮ್ಮ ಶಾಖೆಯಲ್ಲಿದ್ದಿದ್ದರೆ, ಉಳಿಯುತ್ತಿದ್ದ ಸಾಲದ ಹಣದಲ್ಲಿ ಅವನಿಗೆ ಜೀವಮಾನದ ಸಂಬಳ ಕೊಡಬಹುದಿತ್ತು. ಅಂಥವನಿಗೆ ಕೆಲಸ ಇದೆ. ವ್ಯಾಖ್ಯೆ ಬಾಯಿಪಾಠ ಮಾಡಿದವನದ್ದು ಮಾತ್ರ ಗ್ಯಾರಂಟಿ ಇಲ್ಲ.

ಅಳಿಯನಿಗೆ ಹೇಳಿದೆ, "ನೋಡು ಮಾರಾಯ, ಸಾಲ ಸಿಗ್ತದೆ, ಅದು ದೊಡ್ಡ ವಿಷಯ ಅಲ್ಲ. ಮೊದಲು ಆ ವಿಶ್ವವಿದ್ಯಾಲಯಕ್ಕೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳು. ನೀವು ಯಾವ ಊರಿನಲ್ಲಿ ಕೆಲಸ ಮಾಡ್ತಾ ಇದ್ದೀರಿ?"

ಸೋಮವಾರ ಅವನು ಫೋನ್ ಮಾಡಿದ್ದನಂತೆ. ಅಡ್ಮಿಶನ್ ಆಫೀಸಿನ ಹುಡುಗಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಸರ್, ನಮ್ಮ ಕ್ಯಾಂಪಸ್ ಎ.ಸಿ. ಇದೆ, ಪೂರ್ತಿ ಸೋಲಾರ್" ಎಂದಳಂತೆ. ಲೋನಿನ ಅರ್ಜಿ ಇನ್ನೂ ಅವನ ಬ್ಯಾಗಿನಲ್ಲೇ ಇದೆ.

ಆ ಮುದುಕ ಈಗ ಇದ್ದಾನೋ ಇಲ್ಲವೋ ಗೊತ್ತಿಲ್ಲ. ಅವನ ಪ್ರಶ್ನೆಗೆ ಅವತ್ತು ನಾನು ಉತ್ತರ ಕೊಡದೆ ಜೀಪು ಹತ್ತಿದ್ದೆ. ಕೆಳಗೆ ನೀರು ಒಂದೇ ಅಂತ ಅವನಿಗೆ ಗೊತ್ತಿತ್ತು, ಪದವಿ ಇದ್ದ ನಾಲ್ವರಿಗೆ ಗೊತ್ತಿರಲಿಲ್ಲ. ಇನ್ನು ಮೇಲಾದರೂ ಅದು ಪದವಿ ಇದ್ದವರಿಗೂ ಗೊತ್ತಾಗುವ ಹಾಗೆ ಕಲಿಸಿ. ನುಣುಪು ಕಾಗದದ ಪುಸ್ತಿಕೆ ಆಮೇಲೆ ಅಚ್ಚು ಹಾಕಿಸಿದರೂ ನಡೆಯುತ್ತದೆ.